ಯುಐ ಲೈಬ್ರರಿ ಒಪ್ಪಿಕೊಳ್ಳೋ ಮೊದಲು ನೀವು ನಿಜಕ್ಕೂ ಏನು ನೋಡ್ತೀರಿ?

ಅರೆವಿರಾಮ

ಎಲ್ಲರಿಗೂ ನಮಸ್ಕಾರ. ಸಂಸ್ಥೆಯ ಒಳಬಳಕೆಯ ಹಳೇ ಅಪ್ಲಿಕೇಶನ್ ಒಂದನ್ನ ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರೆಯೋ ಕೆಲಸ ನಮ್ಮ ಸಣ್ಣ ತಂಡದ ತಲೆಗೆ ಬಂದಿದೆ. ಮುಕ್ಕಾಲು ಪಾಲು ಫಾರಂಗಳು, ಉಳಿದದ್ದು ಉದ್ದುದ್ದ ಟೇಬಲ್‌ಗಳು. ಒಮ್ಮೆ ನಿಂತಿತು ಅಂದ್ರೆ ವರ್ಷಗಟ್ಟಲೆ ಓಡುತ್ತೆ, ಆಮೇಲೆ ಅದನ್ನ ಮುಟ್ಟೋಕೆ ಯಾರಿಗೂ ಪುರುಸೊತ್ತು ಇರಲ್ಲ, ಆ ಜಾತಿಯದು.

ಯುಐ ಲೈಬ್ರರಿ ಅಂದ್ರೆ ಬಟನ್, ಮೆನುವಿನಂಥ ಪರದೆಯ ಭಾಗಗಳನ್ನ (ಕಾಂಪೊನೆಂಟ್‌ಗಳನ್ನ) ಸಿದ್ಧವಾಗಿ ಕೊಡೋ ಕೋಡ್. ಅಂಥ ಎರಡು ಓಪನ್ ಸೋರ್ಸ್ ಲೈಬ್ರರಿಗಳಿಗೆ ಬಂದು ನಿಂತಿದೀವಿ. ಹೆಸರು ಬೇಕಂತಲೇ ಹೇಳ್ತಿಲ್ಲ, ಹೇಳಿದ್ರೆ ಚರ್ಚೆ ಬೇರೆ ದಾರಿ ಹಿಡಿಯುತ್ತೆ. 'ಅ' ದೊಡ್ಡದು, ಬಟನ್‌ನಿಂದ ಹಿಡಿದು ಡೇಟ್ ಪಿಕರ್ ತನಕ ಎಲ್ಲವನ್ನೂ ಬಣ್ಣ ಬಳಿದೇ ಕೊಡುತ್ತೆ. 'ಆ' ಹೆಡ್‌ಲೆಸ್, ಅಂದ್ರೆ ನಡವಳಿಕೆ ಮಾತ್ರ ಅದರದ್ದು, ಬಣ್ಣ, ಅಳತೆ ಹೇಳೋ ಸಿಎಸ್‌ಎಸ್ ಕೋಡ್ ನಾವೇ ಬರ್ಕೋಬೇಕು. ಮ್ಯಾನೇಜರ್‌ಗೆ ಒಂದು ಪುಟದ ವರದಿ ಕೊಡಬೇಕಿದೆ. ಸದ್ಯಕ್ಕೆ ಅದರಲ್ಲಿರೋದು ಗಿಟ್‌ಹಬ್ ಸ್ಟಾರ್ ಎಷ್ಟು, ವಾರದ ಡೌನ್‌ಲೋಡ್ ಎಷ್ಟು, ಜೊತೆಗೆ 'ಡೆಮೊ ಚೆನ್ನಾಗಿದೆ' ಅನ್ನೋ ಒಂದು ವಾಕ್ಯ. ಇಷ್ಟು ಸಾಲಲ್ಲ ಅಂತ ಗೊತ್ತು, ಇನ್ನೇನು ಸೇರಿಸಬೇಕು ಅಂತ ಗೊತ್ತಾಗ್ತಿಲ್ಲ.

ಹೊರೆನೋಡ್

ಸ್ಟಾರ್ ಅಂದ್ರೆ ಯಾರೋ 'ಆಮೇಲೆ ನೋಡೋಣ' ಅಂದ್ಕೊಂಡು ಒತ್ತಿದ ಗುಂಡಿ. ನಾನು ಒತ್ತಿರೋದ್ರಲ್ಲಿ ಅರ್ಧದಷ್ಟನ್ನ ತೆರೆದೂ ನೋಡಿಲ್ಲ. ಡೌನ್‌ಲೋಡ್ ಲೆಕ್ಕದಲ್ಲಿ ಸಿಐ ಸರ್ವರ್‌ಗಳು (ಕೋಡ್ ಬದಲಾದಾಗ ತಾನಾಗೇ ಕಟ್ಟಿ ಪರೀಕ್ಷಿಸೋ ಯಂತ್ರಗಳು) ಬಿಲ್ಡ್ ಮಾಡಿದಾಗೆಲ್ಲ ಇಳಿಸ್ಕೊಳ್ಳೋದೂ ಸೇರಿರುತ್ತೆ. ಮೊದಲು ಆ ಎರಡು ಸಾಲು ಅಳಿಸಿ.

ಹಳೇಹುಲಿ

ಪೂರ್ತಿ ಅಳಿಸೋದು ಬೇಡ. ಯಾರೂ ಬಳಸದ ಲೈಬ್ರರಿಯಲ್ಲಿ ಏನಾದ್ರೂ ಕೆಟ್ಟರೆ ಹುಡುಕಿದ್ರೂ ಉತ್ತರ ಸಿಗಲ್ಲ. ಅಷ್ಟರ ಮಟ್ಟಿಗೆ ಜನಪ್ರಿಯತೆ ಬೇಕು. ಒಂದು ಮಟ್ಟ ದಾಟಿದ ಮೇಲೆ ಆ ಅಂಕಿಗೆ ಬೆಲೆ ಇಲ್ಲ.

ನಾನು ಮೊದಲು ತೆರೆಯೋದು ಚೇಂಜ್‌ಲಾಗ್ (ಪ್ರತಿ ಆವೃತ್ತಿಯಲ್ಲಿ ಏನು ಬದಲಾಯ್ತು ಅನ್ನೋ ಪಟ್ಟಿ), ಅದರಲ್ಲೂ ಮೇಜರ್ ಆವೃತ್ತಿಗಳ (ಹಳೇ ಕೋಡ್ ಮುರಿಯಬಹುದಾದ ದೊಡ್ಡ ಬದಲಾವಣೆಗಳ) ಮೈಗ್ರೇಶನ್ ಗೈಡ್. ನಿಮ್ಮದು ವರ್ಷಗಟ್ಟಲೆ ಓಡೋದು ಅಂದ್ರಿ. ಹಾಗಿದ್ರೆ ಆ ಲೈಬ್ರರಿ ಹಿಂದೆ ತನ್ನ ಬಳಕೆದಾರರನ್ನ ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೇಗೆ ದಾಟಿಸಿತು ಅನ್ನೋದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಸಿಗಲ್ಲ. ಡೆಮೊ ಪುಟ ಇವತ್ತಿನದು. ನೀವು ಬದುಕಬೇಕಾಗಿರೋದು ಮೂರು ಮೇಜರ್ ಆವೃತ್ತಿ ಆದಮೇಲಿನ ದಿನಗಳಲ್ಲಿ.

ಮೆಟೀರಿಯಲ್ ಯುಐ ಅನ್ನೋ ರಿಯಾಕ್ಟ್ ಲೈಬ್ರರಿ 2021ರಲ್ಲಿ ಐದನೇ ಆವೃತ್ತಿಗೆ ಹೋದಾಗ ಅದರ ಹೆಸರೇ ಎಂಯುಐ ಆಯ್ತು, ಪ್ಯಾಕೇಜ್ ಹೆಸರುಗಳು ಬದಲಾದ್ವು, ಸ್ಟೈಲಿಂಗ್ ಎಂಜಿನ್ ಜೆಎಸ್‌ಎಸ್ ಬಿಟ್ಟು ಎಮೋಶನ್‌ಗೆ ಹೋಯ್ತು. ಸಣ್ಣ ಸಂಗತಿಯಲ್ಲ. ಆದ್ರೆ ಇಂಪೋರ್ಟ್ ಸಾಲುಗಳನ್ನ ತಾನಾಗೇ ತಿದ್ದೋ ಕೋಡ್‌ಮಾಡ್ ಕೊಟ್ರು, ಹಳೇ ಸ್ಟೈಲಿಂಗ್ ಕೋಡ್ ಕೆಲಕಾಲ ಜೊತೆಗೇ ಓಡಲಿ ಅಂತ ಬೇರೆ ಪ್ಯಾಕೇಜ್ ಇಟ್ರು. ಆಂಗ್ಯುಲರ್ ಫ್ರೇಮ್‌ವರ್ಕ್‌ನ ಯುಐ ಲೈಬ್ರರಿ ಆಂಗ್ಯುಲರ್ ಮೆಟೀರಿಯಲ್ 2022ರಲ್ಲಿ 15ನೇ ಆವೃತ್ತಿಯಲ್ಲಿ ಕಾಂಪೊನೆಂಟ್‌ಗಳ ಒಳಗಿನ ಡಾಮ್ (ಬ್ರೌಸರ್ ಇಟ್ಕೊಳ್ಳೋ ಪುಟದ ಎಲಿಮೆಂಟ್‌ಗಳ ಮರ) ರಚನೆ, ಕ್ಲಾಸ್ ಹೆಸರು ಎರಡನ್ನೂ ಬದಲಾಯಿಸ್ತು. ಹಳೇದನ್ನ 'ಲೆಗಸಿ' ಅಂತ ಪಕ್ಕಕ್ಕಿಟ್ಟು 17ರಲ್ಲಿ ತೆಗೆದುಹಾಕ್ತು. ಇದರಲ್ಲಿ ಪಾಠ ಬೇಕಾಗಿರೋದು ಲೈಬ್ರರಿಯವರಿಗಲ್ಲ, ನಮಗೆ: ಒಳಗಿನ ಕ್ಲಾಸ್ ಹೆಸರು ಹುಡುಕಿ ಅದರ ಮೇಲೆ ಸಿಎಸ್‌ಎಸ್ ಓವರ್‌ರೈಡ್ ಪೇರಿಸಿದ್ದವರ ಕೋಡ್ ಯಾವ ಕೋಡ್‌ಮಾಡ್‌ನಿಂದಲೂ ಪೂರ್ತಿ ಉಳಿಯೋ ಹಾಗಿರಲಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ನಿಮ್ಮ ಫ್ರೇಮ್‌ವರ್ಕ್ ಯಾವಾಗ ಅಪ್‌ಗ್ರೇಡ್ ಆಗಬೇಕು ಅನ್ನೋದನ್ನ ಯುಐ ಲೈಬ್ರರಿ ತೀರ್ಮಾನ ಮಾಡುತ್ತೆ. ವ್ಯೂ ಅನ್ನೋ ಇನ್ನೊಂದು ಫ್ರೇಮ್‌ವರ್ಕ್‌ನ ಮೂರನೇ ಆವೃತ್ತಿ, ವ್ಯೂ 3, ಬಂದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಹೊಂದೋ ಯುಐ ಲೈಬ್ರರಿ ವ್ಯೂಟಿಫೈ 3 ಸ್ಥಿರ ಆವೃತ್ತಿ ಬಂದಿದ್ದು 2022ರಲ್ಲಿ. ವ್ಯೂಟಿಫೈ ಮೇಲೆ ಇಡೀ ಅಪ್ಲಿಕೇಶನ್ ಕಟ್ಟಿದ್ದವರು ಆ ಅವಧಿಯಲ್ಲಿ ಕಾಯೋದು ಬಿಟ್ಟು ಹೆಚ್ಚೇನೂ ಮಾಡೋ ಹಾಗಿರಲಿಲ್ಲ, 2023ರ ಕೊನೆಗೆ ವ್ಯೂ 2ರ ಬೆಂಬಲವೂ ಮುಗೀತು. ರಿಯಾಕ್ಟ್ 19ರಲ್ಲಿ ಫೈಂಡ್‌ಡಾಮ್‌ನೋಡ್ ಅನ್ನೋ ಹಳೇ ಎಪಿಐ ಹೋಯ್ತು. ಅದನ್ನ ಒಳಗೊಳಗೇ ನೆಚ್ಚಿಕೊಂಡಿದ್ದ ಲೈಬ್ರರಿಗಳೆಲ್ಲ ತಡಬಡಾಯಿಸಿದ್ವು. ಆಂಟ್ ಡಿಸೈನ್ ಅನ್ನೋ ಯುಐ ಲೈಬ್ರರಿಯ 5ನೇ ಆವೃತ್ತಿ ಬಳಸೋರಿಗೆ ರಿಯಾಕ್ಟ್ 19ಕ್ಕಂತಲೇ ಒಂದು ಪ್ರತ್ಯೇಕ ಪ್ಯಾಚ್ ಪ್ಯಾಕೇಜ್ ಕೊಡಬೇಕಾಯ್ತು. ನಿಮ್ಮ 'ಅ', 'ಆ' ಎರಡರ ಪ್ಯಾಕೇಜ್ ಫೈಲ್ ತೆಗೆದು ಪಿಯರ್ ಡಿಪೆಂಡೆನ್ಸಿಯಲ್ಲಿ (ಜೊತೆಗೆ ಬೇಕಾದ ಬೇರೆ ಪ್ಯಾಕೇಜ್‌ಗಳ ಆವೃತ್ತಿ ಹೇಳೋ ಪಟ್ಟಿ) ಯಾವ ರಿಯಾಕ್ಟ್ ಬರೆದಿದೆ ನೋಡಿ. ಇನ್‌ಸ್ಟಾಲ್ ಮಾಡೋಕೇ ಆ ಹೊಂದಾಣಿಕೆಯನ್ನ ಕಡೆಗಣಿಸೋ 'ಲೆಗಸಿ ಪಿಯರ್ ಡೆಪ್ಸ್' ಫ್ಲ್ಯಾಗ್ ಹಾಕಬೇಕಾಗಿ ಬಂದ್ರೆ ಅಲ್ಲಿಗೇ ನಿಂತು ಯೋಚಿಸಿ.

ಅರೆವಿರಾಮ

ಇದು ನೋಡೇ ಇರಲಿಲ್ಲ, ಥ್ಯಾಂಕ್ಸ್ ಸಾರ್. ಇಶ್ಯೂಗಳ (ಬಳಕೆದಾರರು ದಾಖಲಿಸೋ ದೂರುಗಳ) ಬಗ್ಗೆ ಒಂದು ಅನುಮಾನ. 'ಅ'ದಲ್ಲಿ ತೆರೆದಿರೋ ಇಶ್ಯೂ ರಾಶಿ ಇದೆ, 'ಆ'ದಲ್ಲಿ ಬೆರಳೆಣಿಕೆ. ಅಂದ್ರೆ 'ಆ' ಗಟ್ಟಿ ಅಂತ ತಿಳ್ಕೋಬಹುದಾ?

ಹಳೇಹುಲಿ

ತಿಳ್ಕೋಬೇಡಿ. ಕೆಲವು ರೆಪೊಗಳಲ್ಲಿ (ಕೋಡ್ ಇಡೋ ಜಾಗಗಳಲ್ಲಿ) ಸ್ಟೇಲ್ ಬಾಟ್ ಕೂತಿರುತ್ತೆ. ಇಷ್ಟು ದಿನ ಯಾರೂ ಮಾತಾಡಲಿಲ್ಲ ಅಂದ್ರೆ ಇಶ್ಯೂ ತಾನಾಗೇ ಮುಚ್ಚಿಹೋಗುತ್ತೆ. ರೋಗ ವಾಸಿಯಾಗಿರಲ್ಲ, ಚೀಟಿ ಹರಿದಿರ್ತಾರೆ ಅಷ್ಟೇ. ಮುಚ್ಚಿದ ಇಶ್ಯೂಗಳನ್ನ ತೆರೆದು ಕೊನೆಯ ಕಾಮೆಂಟ್ ಯಾರದ್ದು ನೋಡಿ. ಬಾಟ್‌ದಾ, ಲೈಬ್ರರಿ ನೋಡ್ಕೊಳ್ಳೋ ಮೇನ್‌ಟೇನರ್‌ದಾ, 'ನನಗೂ ಇದೇ ತೊಂದರೆ, ದಯವಿಟ್ಟು ಮತ್ತೆ ತೆರೀರಿ' ಅನ್ನೋ ಬಳಕೆದಾರನದ್ದಾ?

ಹಾಗೇ ಗಿಟ್ ಶಾರ್ಟ್‌ಲಾಗ್ ತೆಗೆದು ಕಳೆದ ಒಂದು ವರ್ಷದ ಕಮಿಟ್‌ಗಳು (ಕೋಡ್‌ಗೆ ಮಾಡಿದ ಬದಲಾವಣೆಗಳು) ಯಾರ ಹೆಸರಲ್ಲಿವೆ ಅಂತ ಎಣಿಸಿ. ಡಿಪೆಂಡಾಬಾಟ್, ರೆನೊವೇಟ್‌ನಂಥ ಬಾಟ್‌ಗಳನ್ನ ತೆಗೆದುಹಾಕಿ ಎಣಿಸಬೇಕು. 'ದಿನಾ ಕಮಿಟ್ ಆಗ್ತಿದೆ, ಜೀವಂತವಾಗಿದೆ' ಅನ್ಸೋ ಎಷ್ಟೋ ರೆಪೊಗಳಲ್ಲಿ ಕೆಲಸ ಮಾಡ್ತಿರೋದು ಬಾಟ್ ಮಾತ್ರ. ಮನುಷ್ಯರ ಪೈಕಿ ಒಬ್ಬರೇ ಇದ್ರೆ, ಅವರಿಗೆ ಹೊಸ ಕೆಲಸ ಸಿಕ್ಕಿದ ದಿನ ಏನಾಗುತ್ತೆ ಯೋಚಿಸಿ.

ದೊಡ್ಡ ಕಂಪನಿ ಬೆನ್ನಿಗಿದೆ ಅನ್ನೋದೂ ಪೂರ್ತಿ ಭರವಸೆಯಲ್ಲ. ಗೂಗಲ್‌ನ ಮೆಟೀರಿಯಲ್ ವೆಬ್ ಕಾಂಪೊನೆಂಟ್‌ಗಳನ್ನ 2024ರಲ್ಲಿ ನಿರ್ವಹಣೆ ಮಾತ್ರ ಅನ್ನೋ ಸ್ಥಿತಿಗೆ ಇಳಿಸಿದ್ರು, ತಂಡವನ್ನ ಬೇರೆ ಕೆಲಸಕ್ಕೆ ಹಾಕಿದ್ರು. ಹಾಗಾಗಿ ನೀವೇ ಒಂದು ಪರೀಕ್ಷೆ ಮಾಡಿ. ಎರಡೂ ಲೈಬ್ರರಿಯಲ್ಲಿ ನಿಮಗೆ ಸಿಗೋ ಒಂದು ನಿಜವಾದ ತೊಂದರೆಯನ್ನ, ಚಿಕ್ಕ ಮಾದರಿ ಕೋಡ್ ಜೊತೆ, ಇಶ್ಯೂ ಆಗಿ ಹಾಕಿ. ಉತ್ತರ ಬರುತ್ತಾ, ಯಾವ ಧಾಟಿಯಲ್ಲಿ ಬರುತ್ತೆ ನೋಡಿ.

ಖಾಲಿಡಿವ್

ಎಲ್ಲರೂ ಯಾವ ಲೈಬ್ರರಿ ಅಂತ ಮಾತಾಡ್ತಿದೀರಿ. ಲೈಬ್ರರಿ ಬೇಕಾ ಅಂತ ಯಾರೂ ಕೇಳ್ತಿಲ್ಲ. ಡಯಲಾಗ್ ಎಲಿಮೆಂಟ್ 2022ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಪಾಪೋವರ್ ಎಪಿಐ ಈಗ ಎಲ್ಲ ಕಡೆ ಬಂದಿದೆ. ಅಕಾರ್ಡಿಯನ್‌ಗೆ ಡೀಟೇಲ್ಸ್ ಎಲಿಮೆಂಟ್ ಸಾಕು. ಫಾರಂಗಳೇ ಮುಕ್ಕಾಲು ಪಾಲು ಅಂದ್ರೆ ಇನ್‌ಪುಟ್, ಲೇಬಲ್, ಫೀಲ್ಡ್‌ಸೆಟ್ ಸಾಲಲ್ವಾ?

ಹೊರೆನೋಡ್

ಸರ್ವರ್‌ನಿಂದ ಹುಡುಕಿ ತೋರಿಸೋ ಮಲ್ಟಿ ಸೆಲೆಕ್ಟ್ ಬರೆದು ತೋರಿಸಿ ಗುರು, ಆಮೇಲೆ ಮಾತಾಡೋಣ.

ಖಾಲಿಡಿವ್

ಅದೊಂದಕ್ಕೆ ತಗೊಳ್ಳಿ, ಬೇಡ ಅನ್ನಲ್ಲ. ಬಟನ್‌ಗೂ ಲೈಬ್ರರಿ ಯಾಕೆ ಅಂತ ನನ್ನ ಪ್ರಶ್ನೆ. ಬಿಲ್ಡ್ ಮಾಡಿ, ಬ್ರೌಸರ್‌ಗೆ ಹೋಗೋ ಕೋಡ್‌ನ ಗಾತ್ರ ತೋರಿಸೋ ಬಂಡಲ್ ಅನಲೈಸರ್ ಹಾಕಿ ನೋಡಿ: ಒಂದೇ ಒಂದು ಬಟನ್ ಇಂಪೋರ್ಟ್ ಮಾಡಿದ ಖಾಲಿ ಪುಟ ಎಷ್ಟು ತೂಗುತ್ತೆ? ಟ್ರೀ ಶೇಕಿಂಗ್ (ಬಳಸದ ಕೋಡನ್ನ ಬಿಲ್ಡ್‌ನಲ್ಲಿ ಕೈಬಿಡೋದು) ಇದೆ ಅಂತ ರೀಡ್‌ಮಿಯಲ್ಲಿ ಎಲ್ಲರೂ ಬರೀತಾರೆ. ನಿಮ್ಮ ಬಂಡ್ಲರ್ ಜೊತೆ ಅದು ನಡೀತಿದೆಯಾ ಅನ್ನೋದು ಅಳೆದ್ರೆ ಮಾತ್ರ ಗೊತ್ತಾಗೋದು.

ಟ್ಯಾಬ್‌ಕೀಲಿ

ತಡವಾಗಿ ಬಂದೆ. ವರದಿಯಲ್ಲಿ ಅಕ್ಸೆಸಿಬಿಲಿಟಿ (ಅಂಗವಿಕಲರೂ ಬಳಸೋ ಹಾಗಿರೋದು) ಅನ್ನೋ ಪದವೇ ಕಾಣ್ತಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೌಸ್ ಪಕ್ಕಕ್ಕಿಡಿ. 'ಅ', 'ಆ' ಎರಡರ ಡೆಮೊ ಪುಟದಲ್ಲೂ ಮೋಡಲ್ (ಪುಟದ ಮೇಲೆ ಏಳೋ ಪೆಟ್ಟಿಗೆ) ತೆರೀರಿ. ಟ್ಯಾಬ್ ಒತ್ತುತ್ತಾ ಹೋದ್ರೆ ಫೋಕಸ್ (ಕೀಬೋರ್ಡ್ ಈಗ ಯಾವುದರ ಮೇಲಿದೆ ಅನ್ನೋ ಗುರುತು) ಮೋಡಲ್ ಒಳಗೇ ಸುತ್ತಬೇಕು, ಹಿಂದಿನ ಪುಟಕ್ಕೆ ಜಾರಬಾರದು. ಎಸ್ಕೇಪ್ ಒತ್ತಿದ್ರೆ ಮುಚ್ಚಬೇಕು, ತೆರೆದ ಬಟನ್ ಮೇಲೇ ಫೋಕಸ್ ವಾಪಸ್ ಬರಬೇಕು. ಇಷ್ಟನ್ನ ಸುಮಾರು ಲೈಬ್ರರಿಗಳು ಮಾಡ್ತವೆ.

ಇನ್ನು ಮುಂದಿನದು ನೋಡಿ. ಮೋಡಲ್ ಒಳಗೆ ಒಂದು ಡ್ರಾಪ್‌ಡೌನ್ ಇಟ್ಟು, ಅದನ್ನ ತೆರೆದು ಎಸ್ಕೇಪ್ ಒತ್ತಿ. ಡ್ರಾಪ್‌ಡೌನ್ ಮಾತ್ರ ಮುಚ್ಚಬೇಕು. ಎರಡೂ ಒಟ್ಟಿಗೆ ಮುಚ್ಚಿದ್ರೆ ಬಳಕೆದಾರ ತುಂಬಿಸಿದ ಫಾರಂ ಹೋಯ್ತು ಅಂತಲೇ ಅರ್ಥ. ಆಮೇಲೆ ಟೇಬಲ್ ಸಾಲಿನಲ್ಲಿರೋ 'ಅಳಿಸು' ಬಟನ್‌ನಿಂದ ಖಚಿತಪಡಿಸೋ ಮೋಡಲ್ ತೆರೀರಿ, ಹೌದು ಅಂತ ಒತ್ತಿ. ಮೋಡಲ್ ಮುಚ್ಚಿದಾಗ ಫೋಕಸ್ ವಾಪಸ್ ಹೋಗಬೇಕಾದ ಬಟನ್ ಸಾಲಿನ ಜೊತೆಗೇ ಅಳಿಸಿಹೋಗಿರುತ್ತೆ. ಈಗ ಫೋಕಸ್ ಎಲ್ಲಿದೆ? ಏನೂ ಮಾಡದಿದ್ರೆ ಪುಟದ 'ಬಾಡಿ' ಎಲಿಮೆಂಟ್ ಮೇಲೆ ಬಿದ್ದಿರುತ್ತೆ. ಮುಂದಿನ ಟ್ಯಾಬ್ ಆ ಮನುಷ್ಯನನ್ನ ಪುಟದ ಮೇಲ್ತುದಿಗೆ ಎಸೆಯಬಹುದು. ನೂರು ಸಾಲಿನಲ್ಲಿ ಹತ್ತು ಅಳಿಸಬೇಕಾದವನ ಗತಿ ನೆನೆಸ್ಕೊಳ್ಳಿ.

ಡೆಮೊದಲ್ಲಿ ಕಾಣದೇ ಇರೋದು ಇನ್ನೊಂದು. ಫೋಕಸ್ ರಿಂಗ್ ಚೆಂದ ಕಾಣಲಿ ಅಂತ ಔಟ್‌ಲೈನ್ ತೆಗೆದು ಬಾಕ್ಸ್ ಶ್ಯಾಡೋದಲ್ಲಿ ಉಂಗುರ ಬರೀತಾರೆ. ವಿಂಡೋಸ್‌ನ ಹೈ ಕಾಂಟ್ರಾಸ್ಟ್ ಮೋಡ್‌ನಲ್ಲಿ ಬ್ರೌಸರ್ ಬಾಕ್ಸ್ ಶ್ಯಾಡೋವನ್ನ ಪೂರ್ತಿ ಕಿತ್ತುಹಾಕುತ್ತೆ. ಅಲ್ಲಿಗೆ ಫೋಕಸ್ ಎಲ್ಲಿದೆ ಅನ್ನೋ ಗುರುತೇ ಇಲ್ಲ. ಸರಿಯಾಗಿ ಮಾಡಿದವರು ಪಾರದರ್ಶಕ ಔಟ್‌ಲೈನ್ ಒಂದನ್ನ ಉಳಿಸಿರ್ತಾರೆ, ಆ ಮೋಡ್‌ನಲ್ಲಿ ಅದಕ್ಕೆ ತಾನಾಗೇ ಬಣ್ಣ ಬರುತ್ತೆ. ಸೋರ್ಸ್‌ನಲ್ಲಿ ಹುಡುಕಿದ್ರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ಲೈಬ್ರರಿ ಬರೆದವರಲ್ಲಿ ಈ ವಿಷಯ ತಿಳಿದವರು ಇದಾರಾ ಅನ್ನೋದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಕಾಂಬೊಬಾಕ್ಸ್ (ಬರೆದು ಹುಡುಕಿ ಆಯ್ಕೆ ಮಾಡೋ ಪೆಟ್ಟಿಗೆ) ಅನ್ನ ಎನ್‌ವಿಡಿಎ ಮತ್ತು ಫೈರ್‌ಫಾಕ್ಸ್, ವಾಯ್ಸ್‌ಓವರ್ ಮತ್ತು ಸಫಾರಿ, ಸ್ಕ್ರೀನ್ ರೀಡರ್ (ಪರದೆ ಓದಿ ಹೇಳೋ ತಂತ್ರಾಂಶ) ಮತ್ತು ಬ್ರೌಸರ್‌ನ ಈ ಎರಡು ಜೋಡಿಯಲ್ಲಿ ಕೇಳಿ ನೋಡಿ. ಬಾಣದ ಕೀಲಿ ಒತ್ತಿದಾಗ ಆಯ್ಕೆ ಓದಬೇಕು, ಹುಡುಕಿದ ಮೇಲೆ ಎಷ್ಟು ಫಲಿತಾಂಶ ಇವೆ ಅಂತ ಹೇಳಿದ್ರೆ ಇನ್ನೂ ಒಳ್ಳೇದು. ವೆಬ್ ಅಕ್ಸೆಸಿಬಿಲಿಟಿಯ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ. ಅದರ ಪ್ರಕಾರ ಒತ್ತೋ ಜಾಗ ಕನಿಷ್ಠ 24 ಸಿಎಸ್‌ಎಸ್ ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಬೇಕು, ಇಲ್ಲಾಂದ್ರೆ ಸುತ್ತ ಸಾಕಷ್ಟು ಅಂತರ ಬೇಕು. ಚಿಪ್ (ಆಯ್ಕೆಯಾದದ್ದನ್ನ ತೋರಿಸೋ ಪುಟ್ಟ ಚೀಟಿ) ಮೇಲಿರೋ ಪುಟ್ಟ ಇಂಟು ಗುರುತು ಅಳೆದು ನೋಡಿ, ಹೆಚ್ಚು ಕಡೆ ಎಡವೋದು ಅಲ್ಲೇ.

ಆಕ್ಸ್ ಅಥವಾ ಲೈಟ್‌ಹೌಸ್‌ನಂಥ ತಾನಾಗೇ ಪರೀಕ್ಷಿಸೋ ಉಪಕರಣ ಓಡಿಸಿ 'ನೂರಕ್ಕೆ ನೂರು' ಅಂತ ವರದಿಗೆ ಅಂಟಿಸಬೇಡಿ. ಮೇಲೆ ಹೇಳಿದ ಎಸ್ಕೇಪ್ ಕಥೆ, ಫೋಕಸ್ 'ಬಾಡಿ' ಮೇಲೆ ಬೀಳೋ ಕಥೆ, ಇವು ಯಾವುವೂ ಆ ಅಂಕದಲ್ಲಿ ಕಾಣಲ್ಲ.

ಅರೆವಿರಾಮ

ಅಳಿಸೋ ಬಟನ್ ಕಥೆ ಈಗಷ್ಟೇ ನೋಡ್ದೆ. ಎರಡರಲ್ಲೂ ಫೋಕಸ್ 'ಬಾಡಿ' ಮೇಲೇ ಬೀಳ್ತಿದೆ 😐 ಹಳೇಹುಲಿ ಸಾರ್ ಹೇಳಿದ ಇಶ್ಯೂ ಸಿಕ್ತು ಅಂದ್ಕೋತೀನಿ, ಇದನ್ನೇ ಎರಡೂ ಕಡೆ ಹಾಕ್ತೀನಿ.

ಪಿಕ್ಸೆಲ್‌ಪೆದ್ದ

ಟ್ಯಾಬ್‌ಕೀಲಿ ಅವರ ಪಟ್ಟಿಗೆ ಡಿಸೈನ್ ಕಡೆಯಿಂದ ನಂದೊಂದಿಷ್ಟು. ಡೆಮೊ ಪುಟಗಳಲ್ಲಿ ಪಠ್ಯ ಯಾವಾಗಲೂ ಇಂಗ್ಲಿಷ್, ಯಾವಾಗಲೂ ಚಿಕ್ಕದು. ಬಟನ್, ಟ್ಯಾಬ್, ಟೇಬಲ್ ತಲೆಸಾಲು, ಎಲ್ಲದಕ್ಕೂ ಕನ್ನಡ ಹಾಕಿ ನೋಡಿ. ಎತ್ತರ ಪಿಕ್ಸೆಲ್‌ನಲ್ಲಿ ಗಟ್ಟಿ ಮಾಡಿ, ಲೈನ್ ಹೈಟ್ ಒಂದು ಅಂತ ಇಟ್ಟು, ಓವರ್‌ಫ್ಲೋ ಮರೆಮಾಡಿದ ಕಡೆಗಳಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗಿರುತ್ತೆ. 'ಸ್ತ್ರೀ', 'ರಾಷ್ಟ್ರ' ಹಾಕಿ ನೋಡಿದ್ರೆ ಸಾಕು.

ಅವತಾರ್ ಕಾಂಪೊನೆಂಟ್‌ಗೆ ಹೆಸರು ಕೊಟ್ರೆ ಮೊದಲಕ್ಷರ ತೋರಿಸುತ್ತಲ್ಲ, ಅದೂ ಅಷ್ಟೇ. 'ಕ್ಷಮಾ' ಅಂತ ಕೊಟ್ಟರೆ 'ಕ' ಬರುತ್ತೆ. ಸ್ಟ್ರಿಂಗ್‌ನ ಮೊದಲ ಕೋಡ್ ಯೂನಿಟ್ ಎತ್ತಿಕೊಂಡಿರ್ತಾರೆ, ಕ್ಷ ಅನ್ನೋದು ಕೂಡಿದ ಅಕ್ಷರ ಅನ್ನೋದು ಅವರ ಕೋಡ್‌ಗೆ ಗೊತ್ತಿಲ್ಲ. ನಮ್ಮದೇ ಕೋಡ್ ಬರೆದು ಇಡೀ ಅಕ್ಷರವನ್ನ ಹಿಡಿಯಬಹುದು, ಆದ್ರೆ ಕಾಂಪೊನೆಂಟ್ ಒಳಗೇ ಕತ್ತರಿಸ್ತಿದ್ರೆ ನಾವು ಕೈ ಹಾಕೋಕೆ ಆಗಲ್ಲ. ಹಾಗಾಗಿ ಮೊದಲಕ್ಷರವನ್ನ ನಾವೇ ಲೆಕ್ಕ ಹಾಕಿ ಕೊಡೋ ಅವಕಾಶ ಇದೆಯಾ ನೋಡಿ.

ಥೀಮಿಂಗ್ ಬಗ್ಗೆ: ಡಿಸೈನ್ ಟೋಕನ್‌ಗಳು (ಬಣ್ಣ, ಅಂತರದಂಥ ಮೌಲ್ಯಗಳಿಗೆ ಇಟ್ಟ ಹೆಸರುಗಳು) ಸಿಎಸ್‌ಎಸ್ ವೇರಿಯಬಲ್ ಆಗಿ ಹೊರಗೆ ಬಂದಿದ್ರೆ ಬದುಕಿದ್ವಿ. ರನ್‌ಟೈಮ್‌ನಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಸ್ಟೈಲ್ ಹುಟ್ಟಿಸೋ ಲೈಬ್ರರಿ ಆದ್ರೆ ನಿಮ್ಮ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಪುಟದಲ್ಲಿ ಯಾವ ಕೋಡ್, ಸ್ಟೈಲ್ ನಡೀಬಹುದು ಅನ್ನೋ ನಿಯಮ) ಜೊತೆ ಹೊಂದುತ್ತಾ, ನಾನ್ಸ್ (ಅನುಮತಿಯ ಒಂದು ಬಾರಿಯ ಗುರುತು) ಕೊಡೋ ದಾರಿ ಇದೆಯಾ ಕೇಳಿಕೊಳ್ಳಿ. ಸ್ಟೈಲ್ಡ್ ಕಾಂಪೊನೆಂಟ್ಸ್ ಅನ್ನೋ ಅಂಥ ಸ್ಟೈಲಿಂಗ್ ಎಂಜಿನ್ 2025ರಲ್ಲಿ ನಿರ್ವಹಣೆ ಮಾತ್ರ ಅನ್ನೋ ಹಂತಕ್ಕೆ ಹೋದ ಮೇಲೆ, ಲೈಬ್ರರಿಯ ಕೆಳಗೆ ಯಾವ ಸ್ಟೈಲಿಂಗ್ ಎಂಜಿನ್ ಕೂತಿದೆ ಅಂತ ನಾನಂತೂ ಮೊದಲೇ ನೋಡ್ತೀನಿ.

ಲಾಕ್‌ಫೈಲ್

ಪರವಾನಗಿ ಮತ್ತು ಭದ್ರತೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ರೆಪೊದ ಮೇಲ್ಭಾಗದಲ್ಲಿ ಎಂಐಟಿ (ಬಹುತೇಕ ನಿರ್ಬಂಧವಿಲ್ಲದ ಪರವಾನಗಿ) ಎಂದು ಕಂಡ ತಕ್ಷಣ ತೃಪ್ತರಾಗಬೇಡಿ. ನಿಮಗೆ ಬೇಕಾದ ಕಾಂಪೊನೆಂಟ್ ಯಾವ ಪ್ಯಾಕೇಜಿನಲ್ಲಿದೆ, ಆ ಪ್ಯಾಕೇಜಿನ ಪರವಾನಗಿ ಏನು ಎಂಬುದನ್ನು ನೋಡಿ. ಎಂಯುಐ ಎಕ್ಸ್‌ನ ಡೇಟಾ ಗ್ರಿಡ್ ಎಂಬ ಟೇಬಲ್ ಇದಕ್ಕೆ ಒಳ್ಳೆಯ ಉದಾಹರಣೆ. ಕಮ್ಯುನಿಟಿ ಆವೃತ್ತಿ ಎಂಐಟಿ, ಆದರೆ ಕಾಲಂ ಪಿನ್ ಮಾಡುವುದು ಪ್ರೊದಲ್ಲಿ, ಸಾಲುಗಳನ್ನು ಗುಂಪು ಮಾಡುವುದು ಪ್ರೀಮಿಯಂನಲ್ಲಿ. ಎರಡೂ ವಾಣಿಜ್ಯ ಪರವಾನಗಿ. ಎಜಿ ಗ್ರಿಡ್ ಎಂಬ ಟೇಬಲ್ ಲೈಬ್ರರಿಯಲ್ಲೂ ಕಮ್ಯುನಿಟಿ, ಎಂಟರ್‌ಪ್ರೈಸ್ ಎಂಬ ಇದೇ ವಿಭಜನೆ ಇದೆ. ಇದರಲ್ಲಿ ತಪ್ಪೇನಿಲ್ಲ, ಮೇನ್‌ಟೇನರ್‌ಗಳೂ ಬದುಕಬೇಕು. ನನಗೆ ಕೇಳಿದರೆ ಆದಾಯದ ದಾರಿ ಸ್ಪಷ್ಟವಾಗಿರುವ ಯೋಜನೆಯನ್ನೇ ಹೆಚ್ಚು ನಂಬುತ್ತೇನೆ. ಆದರೆ ಆ ಗೆರೆ ಎಲ್ಲಿದೆ ಎಂಬುದು ಮೊದಲೇ ತಿಳಿದಿರಬೇಕು.

ಪರವಾನಗಿ ನಡುವೆ ಬದಲಾಗುವುದೂ ಉಂಟು. ಎಕ್ಸ್ಟ್ ಜೆಎಸ್ ಎಂಬ ಯುಐ ಲೈಬ್ರರಿ 2008ರಲ್ಲಿ ಜಿಪಿಎಲ್ 3ಕ್ಕೆ (ಅದನ್ನು ಬಳಸಿ ಹಂಚುವ ಕೋಡನ್ನೂ ಮುಕ್ತವಾಗಿಡಬೇಕೆನ್ನುವ ಪರವಾನಗಿಗೆ) ಬದಲಾದಾಗ ಬಳಕೆದಾರರಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. 2017ರಲ್ಲಿ ರಿಯಾಕ್ಟ್‌ನ ಪೇಟೆಂಟ್ ಷರತ್ತಿನ ಕಾರಣ ಅಪಾಚೆ ಫೌಂಡೇಶನ್ ತನ್ನ ಯೋಜನೆಗಳಲ್ಲಿ ಅದನ್ನು ಸೇರಿಸುವಂತಿಲ್ಲ ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಿಯಾಕ್ಟ್ 16 ಎಂಐಟಿ ಪರವಾನಗಿಯಲ್ಲಿ ಬಂತು.

ಭದ್ರತೆಗೆ ಬಂದರೆ, ಯುಐ ಲೈಬ್ರರಿಯಲ್ಲಿ ಏನು ಮಹಾ ಆಗುತ್ತದೆ ಎನ್ನುವವರಿಗೆ ಒಂದು ಘಟನೆ. 2018ರ ಡಿಸೆಂಬರ್ 25ರಂದು ಆಂಟ್ ಡಿಸೈನ್ ಬಳಸುತ್ತಿದ್ದ ಅನೇಕ ಸೈಟುಗಳ ಬಟನ್‌ಗಳ ಮೇಲೆ ಇದ್ದಕ್ಕಿದ್ದಂತೆ ಹಿಮ ಕುಳಿತಿತು. ಮೇನ್‌ಟೇನರ್ ಒಬ್ಬರು ಆ ದಿನಾಂಕ ಬಂದಾಗ ಮಾತ್ರ ಕಾಣುವಂತೆ ತಿಂಗಳುಗಳ ಹಿಂದೆಯೇ ಕೋಡ್ ಸೇರಿಸಿಟ್ಟಿದ್ದರು. ತಮಾಷೆಗೆ ಮಾಡಿದ್ದು, ಕ್ಷಮೆಯನ್ನೂ ಕೇಳಿದರು. ಆದರೆ ಗಂಭೀರ ಕೆಲಸದ ಪರದೆಯ ಮೇಲೆ ಹಿಮ ಕಂಡಾಗ ತಮ್ಮ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಬೇರೆಯವರು. 2022ರ ಜನವರಿಯಲ್ಲಿ ಕಲರ್ಸ್ ಮತ್ತು ಫೇಕರ್ ಪ್ಯಾಕೇಜುಗಳನ್ನು ಅವುಗಳ ಕರ್ತೃವೇ ಹಾಳುಗೆಡವಿದ್ದು ತಮಾಷೆಗಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್‌ನಂಥ ಪ್ಯಾಕೇಜುಗಳಿಗೆ ದುರುದ್ದೇಶದ ಕೋಡ್ ಸೇರಿದ್ದು ಮೇನ್‌ಟೇನರ್‌ಗೆ ಬಂದ ಒಂದು ಫಿಶಿಂಗ್ ಇಮೇಲ್‌ನಿಂದ.

ಆದ್ದರಿಂದ ಖಾಲಿ ಪ್ರಾಜೆಕ್ಟ್ ಒಂದರಲ್ಲಿ 'ಅ' ಹಾಕಿ, ಲಾಕ್‌ಫೈಲಿನಲ್ಲಿ (ಇನ್‌ಸ್ಟಾಲ್ ಆದ ಎಲ್ಲ ಪ್ಯಾಕೇಜುಗಳ ನಿಖರ ಪಟ್ಟಿ) ಎಷ್ಟು ಪ್ಯಾಕೇಜು ಬಂದವು ನೋಡಿ. ನಂತರ 'ಆ'. ನೇರ ಡಿಪೆಂಡೆನ್ಸಿ ಎಷ್ಟೆಂಬುದು ಮುಖ್ಯವಲ್ಲ, ಒಟ್ಟು ಎಷ್ಟು ಅಪರಿಚಿತರ ಕೋಡ್ ಒಳಗೆ ಬಂತು ಎಂಬುದು ಮುಖ್ಯ. ಲಾಕ್‌ಫೈಲ್ ಕಮಿಟ್ ಮಾಡಿ, ಸಿಐನಲ್ಲಿ ಅದರಂತೆಯೇ ಇನ್‌ಸ್ಟಾಲ್ ಆಗಲಿ, ಇಂದು ಬಿಡುಗಡೆಯಾದ ಆವೃತ್ತಿಯನ್ನು ಇಂದೇ ತೆಗೆದುಕೊಳ್ಳುವ ಆತುರ ಬೇಡ.

ಹೊರೆನೋಡ್

ಯಾವುದನ್ನೇ ಆರಿಸಿ, ನೇರವಾಗಿ ಇಂಪೋರ್ಟ್ ಮಾಡಬೇಡಿ. ಪ್ರತಿಯೊಂದಕ್ಕೂ ಅದನ್ನ ಸುತ್ತುವರಿಯೋ ನಿಮ್ಮದೇ ರ‍್ಯಾಪರ್ ಬರೆದು ಒಂದು ಫೋಲ್ಡರ್‌ನಲ್ಲಿ ಇಡಿ. ನಾಳೆ ಲೈಬ್ರರಿ ಬದಲಾಯಿಸಬೇಕಾದ್ರೆ ಆ ಫೋಲ್ಡರ್ ಒಂದನ್ನ ಬದಲಾಯಿಸಿದ್ರೆ ಮುಗೀತು.

ಹಳೇಹುಲಿ

ಇದನ್ನ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ. ಬಟನ್‌ಗೆ ರ‍್ಯಾಪರ್ ಬರೆದ್ರಿ, ಸರಿ. ಟೇಬಲ್‌ಗೆ? ಅದರ ಕಾಲಂ ವ್ಯಾಖ್ಯೆ, ಸಾರ್ಟ್, ಫಿಲ್ಟರ್, ಸೆಲ್ ಎಡಿಟ್, ಎಲ್ಲದರ ಆಕಾರವೂ ಆ ಲೈಬ್ರರಿಯದ್ದೇ. ರ‍್ಯಾಪರ್ ಒಳಗಿಂದ ಎಲ್ಲ ಪ್ರಾಪ್‌ಗಳನ್ನ (ಕಾಂಪೊನೆಂಟ್‌ಗೆ ಕೊಡೋ ಆಯ್ಕೆಗಳನ್ನ) ಹಾಗೇ ದಾಟಿಸ್ತೀರಿ, ಅಲ್ಲಿಗೆ ಹೆಸರು ಮಾತ್ರ ನಿಮ್ಮದು. ಇಲ್ಲಾಂದ್ರೆ ಬೇಕಾದ ಪ್ರಾಪ್ ಅಷ್ಟೇ ದಾಟಿಸ್ತೀರಿ, ವಾರಕ್ಕೊಬ್ಬರು ಬಂದು 'ಇದೊಂದು ಸೇರಿಸಿ' ಅಂತಾರೆ. ಡಾಕ್ಯುಮೆಂಟೇಶನ್ ಇಲ್ಲದ, ಟೆಸ್ಟ್ ಇಲ್ಲದ ಇನ್ನೊಂದು ಯುಐ ಲೈಬ್ರರಿಯನ್ನ ನೀವೇ ಹೆತ್ತ ಹಾಗಾಗುತ್ತೆ.

ಹೊರೆನೋಡ್

ಟೇಬಲ್ ಬಿಟ್ಟುಬಿಡಿ ಹಾಗಾದ್ರೆ. ಇನ್‌ಪುಟ್, ಸೆಲೆಕ್ಟ್, ಮೋಡಲ್, ಟೋಸ್ಟ್ (ಕ್ಷಣಕಾಲ ಕಾಣೋ ಸಂದೇಶ), ಇಷ್ಟಕ್ಕಾದ್ರೂ ಮಾಡಿ. ಎಲ್ಲ ಪರದೆಗಳಲ್ಲೂ ಬರೋವು ಅವೇ. ಪ್ರತಿ ಫಾರಂನಲ್ಲೂ ಲೇಬಲ್, ದೋಷದ ಸಂದೇಶ, ಕಡ್ಡಾಯ ಗುರುತು ಒಂದೇ ಥರ ಬರಬೇಕು ಅಂದ್ರೆ ಹೇಗೂ ಒಂದು ಫೀಲ್ಡ್ ಕಾಂಪೊನೆಂಟ್ ಬರೀತೀರಲ್ಲ.

ಹಳೇಹುಲಿ

ಅದಕ್ಕೆ ಒಪ್ಪಿದೆ. ನಿಮಗೆ ನಿಜಕ್ಕೂ ಬೇಕಾಗಿ ಬರೆದ ಕಾಂಪೊನೆಂಟ್ ಬೇರೆ, ಮುಂದೆಂದೋ ಬೇಕಾಗಬಹುದು ಅಂತ ಬರೆದದ್ದು ಬೇರೆ.

ಖಾಲಿಡಿವ್

ಶಾಡ್‌ಸಿಎನ್ ಅನ್ನೋ ಕಾಂಪೊನೆಂಟ್ ಸಂಗ್ರಹದ ಥರ ಕೋಡನ್ನೇ ರೆಪೊಗೆ ಕಾಪಿ ಮಾಡ್ಕೊಂಡ್ರೆ ಈ ಜಗಳವೇ ಇಲ್ಲ. ಕೋಡ್ ನಿಮ್ಮದೇ.

ಲಾಕ್‌ಫೈಲ್

ದೋಷವೂ ನಿಮ್ಮದೇ. ಮೂಲದಲ್ಲಿ ತಿದ್ದುಪಡಿ ಆದಾಗ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಅದು ನಿಮಗೆ ಬರುವುದಿಲ್ಲ, ನೀವೇ ಹೋಲಿಸಿ ತಂದುಕೊಳ್ಳಬೇಕು. ಜೊತೆಗೆ ಅದರ ಕಾಂಪೊನೆಂಟ್‌ಗಳ ಅಡಿಯಲ್ಲಿರುವ ಹೆಡ್‌ಲೆಸ್ ಪ್ಯಾಕೇಜುಗಳು ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದಲೇ ಬರುತ್ತವೆ.

ಅರೆವಿರಾಮ

ಎಲ್ಲರ ಮಾತನ್ನೂ ಹಿಡಿದು ಕೆಲಸಕ್ಕೆ ಕೂತೆ. ಡೆಮೊ ಬಿಟ್ಟು ನಮ್ಮ ಅಪ್ಲಿಕೇಶನ್‌ನ ಅತಿ ಕಷ್ಟದ ಪರದೆಯನ್ನೇ ಎರಡರಲ್ಲೂ ಕಟ್ಟಿದ್ವಿ: ಸೆಲ್ ಒಳಗೇ ಎಡಿಟ್ ಮಾಡೋ ಟೇಬಲ್, ಅದರಿಂದ ತೆರೆಯೋ ಮೋಡಲ್, ಮೋಡಲ್ ಒಳಗೆ ಸರ್ವರ್‌ನಿಂದ ಹುಡುಕೋ ಸೆಲೆಕ್ಟ್, ಕೊನೆಗೆ ದಿನಾಂಕದ ಅವಧಿ.

'ಅ'ದಲ್ಲಿ ಮೊದಲಿನ ಓಟ ಭರ್ಜರಿ. ಅರ್ಧ ಪರದೆ ಸಂಜೆಯೊಳಗೆ ಎದ್ದು ನಿಂತಿತು, ಮ್ಯಾನೇಜರ್ ಅಷ್ಟಕ್ಕೇ 'ಇದೇ ಇರಲಿ' ಅಂದ್ರು. ಎಡಿಟ್ ಮಾಡಿದ ಸೆಲ್‌ನಲ್ಲಿ ತಪ್ಪಿದ್ರೆ ಅದರ ಕೆಳಗೇ ಸಂದೇಶ ತೋರಿಸಬೇಕು, ಸಾಲು ಅದಕ್ಕೆ ತಕ್ಕ ಹಾಗೆ ಎತ್ತರ ಆಗಬೇಕು. ಅಲ್ಲಿಂದ ಕಥೆ ಬದಲಾಯ್ತು. ಅದಕ್ಕೆ ಪ್ರಾಪ್ ಇಲ್ಲ. ಸಾಲಿನ ಎತ್ತರ ಲೆಕ್ಕ ಹಾಕೋದು ಒಳಗೆ. ನಮ್ಮ ಹುಡುಗ ಒಳಗಿನ ಕ್ಲಾಸ್ ಹೆಸರು ಹಿಡಿದು 'ಇಂಪಾರ್ಟೆಂಟ್' ಹಾಕಿ ಸರಿಮಾಡ್ದ. ಹಳೇಹುಲಿ ಸಾರ್ ಆಂಗ್ಯುಲರ್ ಮೆಟೀರಿಯಲ್ ಬಗ್ಗೆ ಬರೆದಿದ್ದು ಓದದೇ ಇದ್ದಿದ್ರೆ ನಾನೂ ಶಭಾಷ್ ಅಂತಿದ್ದೆ. ಮೇಲಾಗಿ ನಮಗೆ ಬೇಕಾದ ಗ್ರೂಪಿಂಗ್ ಅದರ ವಾಣಿಜ್ಯ ಪ್ಯಾಕೇಜ್‌ನಲ್ಲಿದೆ. ಲಾಕ್‌ಫೈಲ್ ಅವರು ಹೇಳಿದ ಗೆರೆ ನಮ್ಮ ಪರದೆಯ ಮಧ್ಯದಲ್ಲೇ ಹಾದುಹೋಗಿತ್ತು.

'ಆ'ದಲ್ಲಿ ಉಲ್ಟಾ. ಮೊದಲು ಏನೂ ಕಾಣಲ್ಲ, ಬರೀ ಬಿಳಿ ಪುಟ, ಸಿಎಸ್‌ಎಸ್ ಬರೆಯೋದ್ರಲ್ಲೇ ಸಮಯ ಹೋಯ್ತು. ಟೇಬಲ್ ಅನ್ನೋದೇ ಅದರಲ್ಲಿಲ್ಲ, ಬೇರೆ ಹೆಡ್‌ಲೆಸ್ ಟೇಬಲ್ ಲೈಬ್ರರಿ ಜೋಡಿಸಿದ್ವಿ. ಆದ್ರೆ ಸೆಲ್ ಕೆಳಗಿನ ಸಂದೇಶ ಅಂದಾಗ ಮಾರ್ಕಪ್ ನಮ್ಮದೇ ಇದ್ದಿದ್ರಿಂದ ಯಾರ ಜೊತೆಗೂ ಗುದ್ದಾಡಬೇಕಾಗಲಿಲ್ಲ. ಮೋಡಲ್ ಒಳಗಿನ ಡ್ರಾಪ್‌ಡೌನ್‌ಗೆ ಎಸ್ಕೇಪ್ ಒತ್ತಿದ್ರೆ ಡ್ರಾಪ್‌ಡೌನ್ ಮಾತ್ರ ಮುಚ್ಚುತ್ತೆ. 'ಅ'ದಲ್ಲಿ ಎರಡೂ ಮುಚ್ಚುತ್ತೆ, ಟ್ಯಾಬ್‌ಕೀಲಿ ಅವರೇ.

ಇಶ್ಯೂ ವಿಷಯ. 'ಅ'ದಲ್ಲಿ ಅದೇ ಫೋಕಸ್ ತೊಂದರೆ ಹಿಂದೆಯೇ ಯಾರೋ ಹಾಕಿದ್ರು, ಬಾಟ್ ಮುಚ್ಚಿತ್ತು, ಕೆಳಗೆ 'ಮತ್ತೆ ತೆರೀರಿ' ಅನ್ನೋ ಸಾಲು. ನಾನು ಹಾಕಿದ್ದನ್ನ ಅದರದೇ ನಕಲು ಅಂತ ಗುರುತು ಹಾಕಿ ಮುಚ್ಚಿದ್ರು. 'ಆ'ದಲ್ಲಿ ಒಬ್ಬ ಮೇನ್‌ಟೇನರ್ ಉತ್ತರ ಕೊಟ್ರು: ಅಳಿಸಿದ ಮೇಲೆ ಮುಂದಿನ ಸಾಲಿಗೆ ಹೋಗಬೇಕಾ, ತಲೆಸಾಲಿಗೆ ಹೋಗಬೇಕಾ ಅಂತ ಲೈಬ್ರರಿ ಊಹಿಸೋಕೆ ಆಗಲ್ಲ, ಮುಚ್ಚಿದಾಗ ಫೋಕಸ್ ಎಲ್ಲಿಗೆ ಅಂತ ಹೇಳೋ ಪ್ರಾಪ್ ಇದೆ, ಡಾಕ್ಯುಮೆಂಟ್‌ನಲ್ಲಿ ಉದಾಹರಣೆ ಇಲ್ಲ, ಬರೆದು ಪಿಆರ್ (ಸೇರಿಸಿ ಅಂತ ಕಳಿಸೋ ಬದಲಾವಣೆ) ಕಳಿಸ್ತೀರಾ ಅಂತ. ಕಳಿಸಿದೀನಿ.

ವರದಿಯಲ್ಲಿ 'ಆ' ಅಂತ ಬರೆದೆ.

ಟ್ಯಾಬ್‌ಕೀಲಿ

ಆ ಮೇನ್‌ಟೇನರ್ ಹೇಳಿದ್ದು ಸರಿ. ಊಹಿಸದೇ ಇರೋದೇ ಒಳ್ಳೇದು. ಮುಂದಿನ ಸಾಲಿನ ಅಳಿಸು ಬಟನ್‌ಗೇ ಫೋಕಸ್ ಕೊಟ್ರೆ ಎಂಟರ್ ಎರಡು ಸಲ ಬಿದ್ದವನು ಇನ್ನೊಂದು ಸಾಲನ್ನೂ ಕಳ್ಕೊಳ್ಳೋಕೆ ಹತ್ತಿರ ಹೋಗ್ತಾನೆ. ಸಾಲಿನ ಮೊದಲ ಸೆಲ್‌ಗೆ ಕೊಡಿ. ಟೇಬಲ್‌ನಲ್ಲಿ ವರ್ಚುವಲೈಸೇಶನ್ ಹಾಕಿದೀರಾ? ಕಾಣೋ ಸಾಲು ಮಾತ್ರ ಡಾಮ್‌ನಲ್ಲಿ ಇರುತ್ತೆ, ಕಂಟ್ರೋಲ್ ಎಫ್ ಒತ್ತಿ ಹುಡುಕೋ ಜನಕ್ಕೆ ಉಳಿದ ಸಾಲು ಸಿಗಲ್ಲ. ಸ್ಕ್ರೀನ್ ರೀಡರ್‌ಗೆ ಒಟ್ಟು ಸಾಲು ಎಷ್ಟು ಅಂತ aria-rowcount ಅನ್ನೋ ಆಟ್ರಿಬ್ಯೂಟ್‌ನಲ್ಲಿ ಹೇಳಬೇಕು.

ಅರೆವಿರಾಮ

ಹಾಕಿಲ್ಲ. ಪುಟಕ್ಕೆ ಇಷ್ಟು ಸಾಲು ಅಂತ ಮಾಡಿದ್ವಿ. ಕಂಟ್ರೋಲ್ ಎಫ್ ಅಭ್ಯಾಸ ನಮ್ಮ ಬಳಕೆದಾರರಿಗೆ ಬಹಳ ಇದೆ, ಹಳೇ ಅಪ್ಲಿಕೇಶನ್‌ನಲ್ಲಿ ಹುಡುಕೋಕೆ ಬೇರೆ ದಾರಿಯೇ ಇರಲಿಲ್ಲ. ಪುಟ ಮಾಡಿದ್ರೂ ಪೂರ್ತಿ ಸಿಗಲ್ಲ ಅನ್ನೋದು ಗೊತ್ತು, ಮೇಲೆ ಒಂದು ಹುಡುಕೋ ಪೆಟ್ಟಿಗೆ ಇಟ್ಟಿದೀವಿ.

ಹಳೇಹುಲಿ

ನಿಮ್ಮ ತೀರ್ಮಾನಕ್ಕೆ ನನ್ನ ಒಂದು ತಕರಾರು ದಾಖಲಾಗಲಿ. ಸಣ್ಣ ತಂಡ, ಆಮೇಲೆ ಯಾರೂ ಮುಟ್ಟಲ್ಲ ಅಂದ್ರಿ. 'ಆ' ಅಂದ್ರೆ ಸಿಎಸ್‌ಎಸ್ ಪೂರ್ತಿ ನಿಮ್ಮ ಹೊಣೆ. ಅದನ್ನ ಬರೆದವರು ತಂಡ ಬಿಟ್ಟು ಹೋದ್ರೆ? 'ಅ'ದ ಟೇಬಲ್ ಬಿಟ್ಟು, ಉಳಿದದ್ದನ್ನ ಅದರಿಂದ ತಗೊಂಡು, ಟೇಬಲ್ ಮಾತ್ರ ಬೇರೆ ಜೋಡಿಸಿದ್ರೆ ನಾನಾದ್ರೆ ಹೆಚ್ಚು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ.

ಅರೆವಿರಾಮ

ಅದನ್ನೂ ಯೋಚಿಸಿದ್ವಿ ಸಾರ್. ಎಸ್ಕೇಪ್ ತೊಂದರೆ ಟೇಬಲ್‌ನದ್ದಲ್ಲ, ಮೋಡಲ್‌ದು, ಅದು ಪ್ರತಿ ಪರದೆಯಲ್ಲೂ ಇದೆ. ಅದಕ್ಕೇ ಮನಸ್ಸಾಗಲಿಲ್ಲ. ಸಿಎಸ್‌ಎಸ್ ಬರೆಯೋವಾಗ ಇಬ್ಬರು ಕೂತು ಬರೀತಿದೀವಿ, ಟೋಕನ್‌ಗಳೆಲ್ಲ ಒಂದೇ ಫೈಲಿನಲ್ಲಿ. ನಿಮ್ಮ ತಕರಾರನ್ನ ವರದಿಯಲ್ಲೂ ಹಾಕಿದೀನಿ, ಅಪಾಯ ಅನ್ನೋ ತಲೆಬರಹದ ಕೆಳಗೆ.

ಹೊರೆನೋಡ್

ದಿನಾಂಕದ ಅವಧಿ ಏನಾಯ್ತು? ಅದಕ್ಕೆ ಯಾವ ಪಿಕರ್ ತಗೊಂಡ್ರಿ?

ಅರೆವಿರಾಮ

ತಗೊಂಡಿಲ್ಲ. 'ಆ'ದಲ್ಲಿ ಅದಿಲ್ಲ, ಹೊರಗಿನವು ನೋಡಿದ್ರೆ ಪ್ರತಿಯೊಂದೂ ತನ್ನದೇ ದಿನಾಂಕ ಲೈಬ್ರರಿ ಎಳ್ಕೊಂಡು ಬರುತ್ತೆ. ಸದ್ಯಕ್ಕೆ ಬ್ರೌಸರ್‌ನದ್ದೇ ಎರಡು ಡೇಟ್ ಇನ್‌ಪುಟ್ ಪಕ್ಕ ಪಕ್ಕ ಇಟ್ಟು ಬಳಸೋರ ಮುಂದೆ ಇಟ್ವಿ. ಎಲ್ಲರೂ ಕೀಬೋರ್ಡ್‌ನಿಂದಲೇ ತಾರೀಖು ಹೊಡೆದು ಟ್ಯಾಬ್ ಒತ್ತಿ ಮುಂದೆ ಹೋದ್ರು, ಕ್ಯಾಲೆಂಡರ್ ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಖಾಲಿಡಿವ್

ನಾನು ಏನೂ ಹೇಳಲ್ಲ 🙂